ಒಮ್ಮೆ ಕಟ್ಟಿ, ಬೇಕಾದಷ್ಟು ಓದಿ

ನಮ್ಮ ಬೀದಿಯ ಪುಸ್ತಕದಂಗಡಿಯವರಿಗೆ ‘ಮುನ್ನುಡಿಯವರು’ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಗಿರಾಕಿ ಒಂದು ಪುಸ್ತಕ ಕೈಗೆತ್ತಿಕೊಂಡರೆ ಸಾಕು, ಅವರು ಕುರ್ಚಿಯಿಂದ ಎದ್ದು, ಗಂಟಲು ಸರಿಮಾಡಿಕೊಂಡು, ಆ ಪುಸ್ತಕ ಯಾಕೆ ಹುಟ್ಟಿತು, ಹುಟ್ಟದಿದ್ದರೆ ಲೋಕಕ್ಕೆ ಏನು ನಷ್ಟವಾಗುತ್ತಿತ್ತು, ಅದನ್ನು ಓದುವುದಕ್ಕೆ ಮುಂಚೆ ಇನ್ನು ಯಾವ ಯಾವ ಪುಸ್ತಕ ಓದಿರಬೇಕು ಎಂದು ಶುರುಮಾಡುತ್ತಿದ್ದರು. ಅರ್ಧ ಗಿರಾಕಿಗಳು ಅದನ್ನು ಕೇಳಿಯೇ ಪುಸ್ತಕ ಓದಿ ಮುಗಿಸಿದಷ್ಟು ತೃಪ್ತರಾಗಿ ಮನೆಗೆ ಹೋಗುತ್ತಿದ್ದರು. ಉಳಿದ ಅರ್ಧ ಬಸ್ಸು ತಪ್ಪುತ್ತದೆ ಎಂದು ಓಡುತ್ತಿದ್ದರು.

ನನ್ನದು ಪಕ್ಕದ ಕನ್ನಡಕದ ಅಂಗಡಿ. ನಡುವೆ ಇರುವುದು ಒಂದು ಪ್ಲೈವುಡ್ಡಿನ ಗೋಡೆ. ನಾನು ಈಚೆ ಗಿರಾಕಿಯ ಕಣ್ಣಿಗೆ ಲೆನ್ಸು ಇಟ್ಟು “ಓದಿ” ಅಂದರೆ ಆಚೆಯಿಂದ ಅವರು ಹೇಳಲು ಶುರುಮಾಡುತ್ತಿದ್ದರು. ಇದರಿಂದ ನನ್ನ ವ್ಯಾಪಾರಕ್ಕೂ ಸ್ವಲ್ಪ ತೊಂದರೆಯಾಗಿದೆ. ಆದರೂ ಅವರು ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಜಾಗ ಸಿಗುವುದು ಕಷ್ಟ.

ಒಂದು ಮಧ್ಯಾಹ್ನ ಅವರು ಬೆವರು ಸುರಿಸುತ್ತಾ ನನ್ನ ಅಂಗಡಿಗೆ ನುಗ್ಗಿದರು.

“ಸ್ವಲ್ಪ ಬನ್ನಿ. ನಿಮ್ಮ ಅತ್ತಿಗೆಗೆ ಏನೋ ಆಗಿದೆ.”

ನಾನು ಅವರ ಹೆಂಡತಿಯನ್ನು ಅತ್ತಿಗೆ ಎಂದೇ ಕರೆಯುವುದು. “ಏನಾಯ್ತು?” ಎಂದೆ.

“ಒಬ್ಬಳೇ ನಗ್ತಾಳೆ. ನಿನ್ನೆ ಪಾತ್ರೆ ತೊಳೀತಾ ಒಬ್ಬಳೇ ಅಳ್ತಿದ್ಳು. ಯಾಕೆ ಅಂತ ಕೇಳಿದ್ರೆ, ‘ಶ್, ಸುಮ್ನಿರಿ, ಈಗ ಅವನು ಸಾಯ್ತಾನೆ’ ಅಂದ್ಳು.”

“ಯಾರು?”

“ಅದನ್ನ ಕೇಳೋ ಧೈರ್ಯ ನನಗೆ ಬರಲಿಲ್ಲ ಕಣ್ರೀ. ಮನೇಲಿ ಇದ್ದ ಗಂಡಸು ನಾನೊಬ್ಬನೇ.”

ನಾನು ಕನ್ನಡಕ ಮಾರುವವನೇ ಆದರೂ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಳ್ಳುತ್ತೇನೆ. ಹಾಗಾಗಿ ಕಾಯಿಲೆಯ ಮಾತು ಬಂದಾಗ ಬೀದಿಯವರು ನನ್ನನ್ನು ಅರ್ಧ ಡಾಕ್ಟರು ಎಂದೇ ಲೆಕ್ಕ ಹಿಡಿಯುತ್ತಾರೆ. ಟಾರ್ಚು ತೆಗೆದುಕೊಂಡು ಹೋದೆ. ಅತ್ತಿಗೆ ಪುಸ್ತಕದ ಕಪಾಟುಗಳ ನಡುವೆ ಸ್ಟೂಲಿನ ಮೇಲೆ ಕೂತು ಗಂಡನ ಊಟದ ಡಬ್ಬಿ ಬಿಚ್ಚುತ್ತಾ ಕಿಸಕ್ಕನೆ ನಕ್ಕರು. ನಾನು ಗಂಭೀರವಾಗಿ ಅವರ ಕಣ್ಣಿಗೆ ಬೆಳಕು ಬಿಟ್ಟೆ.

“ಏನ್ರೀ ಇದು!” ಎಂದು ಅವರು ಕಿವಿಯಿಂದ ಏನನ್ನೋ ಕಿತ್ತು ಕೈಯಲ್ಲಿ ಹಿಡಿದರು. ಅದರೊಳಗಿಂದ ಸಣ್ಣ ದನಿಯೊಂದು ಇನ್ನೂ ಕಥೆ ಹೇಳುತ್ತಿತ್ತು.

ವಿಷಯ ಇಷ್ಟೇ. ಫೋನಿನಲ್ಲಿ ಯಾವುದೋ ಕಂಪನಿ ಪುಸ್ತಕ ಓದಿ ಹೇಳುತ್ತದೆ. ತಿಂಗಳಿಗೊಂದು ಸಲ ಕಟ್ಟಿದರೆ ಎಷ್ಟು ಬೇಕಾದರೂ ಕೇಳಬಹುದು. ಅಳಿಯಂದಿರು ಅದನ್ನು ಅತ್ತೆಯ ಫೋನಿಗೆ ಹಾಕಿಕೊಟ್ಟಿದ್ದರು.

“ನಮ್ಮ ಮನೇಲಿ?” ಎಂದರು ಮುನ್ನುಡಿಯವರು. “ನನ್ನ ಹೆಂಡ್ತಿಗೆ? ಪುಸ್ತಕ? ಬೇರೆಯವರ ಹತ್ರ?” ಒಂದೊಂದು ಮಾತಿಗೂ ದನಿ ಒಂದೊಂದು ಮೆಟ್ಟಿಲು ಇಳಿಯಿತು.

“ಮೊದಲು ನಿಮ್ಮನ್ನೇ ಕೇಳಿದ್ದೆ, ಒಳ್ಳೇದೊಂದು ಕೊಡಿ ಅಂತ. ನೀವು ಹೇಳೋಕೆ ಶುರುಮಾಡಿದ್ರಿ. ಒಲೆ ಮೇಲಿದ್ದದ್ದೆಲ್ಲ ಸೀದುಹೋಯ್ತು. ಪುಸ್ತಕ ಮಾತ್ರ ಕೈಗೆ ಬರಲಿಲ್ಲ” ಎಂದು ಅತ್ತಿಗೆ ಡಬ್ಬಿಯನ್ನು ಮುಂದೆ ಸರಿಸಿದರು. ಅವತ್ತು ಮುನ್ನುಡಿಯವರು ಊಟ ಮಾಡಲಿಲ್ಲ. ಡಬ್ಬಿ ನನ್ನ ಪಾಲಿಗೆ ಬಂತು.

ಕಷ್ಟ ಬಂದರೆ ಜೋಡಿಯಾಗಿ ಬರಬೇಕೆಂದು ಎಲ್ಲಿ ಬರೆದಿದೆಯೋ ಕಾಣೆ. ಅದೇ ವಾರ ಕಟ್ಟಡದ ಒಡತಿ ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದರು. ಬಾಡಿಗೆಯ ಮಾತೇ ಎತ್ತಲಿಲ್ಲ. ಬಾಗಿಲಿನಲ್ಲಿ ಮಲಗಿದ್ದ ಬೆಕ್ಕನ್ನು ತೋರಿಸಿದರು.

“ನೋಡಿ, ಅಂಗಡಿ ಅಂದ್ರೆ ಜನ ಬರ್ತಾ ಹೋಗ್ತಾ ಇರ್ಬೇಕು. ಈ ಬೆಕ್ಕು ನಿಮ್ಮ ಬಾಗಿಲಲ್ಲಿ ಮಲಗುತ್ತೆ. ಒಂದು ದಿನವೂ ಯಾರೂ ಅದನ್ನ ಎಬ್ಬಿಸಿಲ್ಲ. ಫೋನಿನ ಕವರು ಮಾರೋರೊಬ್ಬರು ಈ ಜಾಗ ಕೇಳ್ತಿದಾರೆ. ವರ್ಷದ ಕೊನೇವರೆಗೆ ನೋಡ್ತೀನಿ.”

ಮುನ್ನುಡಿಯವರಿಗೆ ಬೇರೆ ಕಸುಬು ಗೊತ್ತಿಲ್ಲ. ಆ ಕುರ್ಚಿ ಬಿಟ್ಟರೆ ಈ ಲೋಕದಲ್ಲಿ ಅವರು ಕೂರುವುದಕ್ಕೆ ಇನ್ನೊಂದು ಜಾಗವಿರಲಿಲ್ಲ. ಮನೆಯಲ್ಲಿ ಇತ್ತು, ಆದರೆ ಅಲ್ಲಿ ಅತ್ತಿಗೆಯ ಕಿವಿ ಖಾಲಿಯಿರಲಿಲ್ಲ.

ಆಗ ಬಂದರು ಅಳಿಯಂದಿರು. ಅವರು ವಿಮಾ ಕಂಪನಿಯಲ್ಲಿ ಕೆಲಸ ಮಾಡುವವರು. ಲೋಕದಲ್ಲಿ ಅವರಿಗೆ ಗೊತ್ತಿಲ್ಲದ ವ್ಯಾಪಾರವಿಲ್ಲ.

“ಮಾವ, ಈ ಕಂಪನಿಗಳ ಗುಟ್ಟು ಏನು ಗೊತ್ತಾ? ಜನ ದುಡ್ಡು ಕಟ್ತಾರೆ. ಆಮೇಲೆ ಮರೆತುಬಿಡ್ತಾರೆ. ಅಷ್ಟೇ. ನಾನು ಜಿಮ್ಮಿಗೆ ಕಟ್ಟಿದೀನಿ. ಹೋಗಿದೀನಾ?”

ಅಳಿಯಂದಿರ ಹೊಟ್ಟೆ ನೋಡಿದ ಯಾರೂ ಉತ್ತರಕ್ಕೆ ತಡಕಾಡಬೇಕಿರಲಿಲ್ಲ.

“ಸಿನಿಮಾ ಕಂಪನಿಗೂ ಕಟ್ಟಿದೀನಿ. ಯಾವುದು ನೋಡೋದು ಅಂತ ಹುಡುಕ್ತಾ ಹುಡುಕ್ತಾ ಗೊರಕೆ ಹೊಡೀತೀನಿ. ನೀವೂ ಅಂಗಡೀಲಿ ಅದೇ ಮಾಡಿ. ತಿಂಗಳಿಗೆ ಒಂದು ಸಲ ಕಟ್ಟಿಸ್ಕೊಳ್ಳಿ. ಎಷ್ಟು ಬೇಕಾದ್ರೂ ಓದಿ ಅನ್ನಿ.”

“ಕಟ್ಟಿದೋರು ಯಾರೂ ಓದದೇ ಹೋದ್ರೆ?”

“ಅದೇ ಲಾಭ ಮಾವ!”

ಮುನ್ನುಡಿಯವರು ಆ ರಾತ್ರಿ ಯೋಚನೆ ಮಾಡಿದರಂತೆ. ಹುಟ್ಟಿದಾಗಿನಿಂದ ಜನ ಓದಲಿ, ಓದಲಿ ಎಂದು ಬಾಯಿ ಬಡಿದುಕೊಂಡ ಮನುಷ್ಯ ಇನ್ನು ಮೇಲೆ ಜನ ಓದದೇ ಇರಲಿ ಎಂದು ಹಾರೈಸಬೇಕು. ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡಿದರೆ, ಜನ ಓದದೇ ಇರುವುದರಲ್ಲಿ ಅವರಿಗಿದ್ದಷ್ಟು ಅನುಭವ ಇನ್ನಾರಿಗಿತ್ತು? ಬೆಳಿಗ್ಗೆ ಬಾಗಿಲಿನ ಮೇಲೆ ಬೋರ್ಡು ಬಂತು: ‘ಒಮ್ಮೆ ಕಟ್ಟಿ, ಬೇಕಾದಷ್ಟು ಓದಿ.’

ಮೊದಲು ಸೇರಿದವನು ಎದುರಿನ ಲಾಂಡ್ರಿಯವನು. ಅಂಗಿಯ ಕಾಲರಿನ ಹಿಂದಿರುವ ಚೀಟಿ ಬಿಟ್ಟು ಬೇರೇನನ್ನೂ ಅವನು ಓದಿದ್ದನ್ನು ಕಂಡವರಿಲ್ಲ. ಮುನ್ನುಡಿಯವರು ಅವನ ಕೈಗೆ ಕಪಾಟಿನಲ್ಲಿದ್ದ ಅತಿ ದಪ್ಪದ ಕಾದಂಬರಿ ಕೊಟ್ಟು, ಇನ್ನು ಇವನು ಮೊಮ್ಮಕ್ಕಳ ಮದುವೆಯವರೆಗೆ ಈ ಕಡೆ ಬರುವುದಿಲ್ಲ ಎಂದು ನನಗೆ ಕಣ್ಣು ಹೊಡೆದರು. ಅದೇ ದಿನ ಸಂಜೆಯೊಳಗೆ ಬೀದಿಯ ಬಹುಪಾಲು ಅಂಗಡಿಯವರು ಸೇರಿದರು. ಮುನ್ನುಡಿಯವರು ಬಹಳ ದಿನಗಳ ಮೇಲೆ ನನಗೆ ಕಾಫಿ ಕೊಡಿಸಿದರು. ಅದೇ ಕೊನೆಯದು.

ಎರಡನೆಯ ದಿನ ಬಾಗಿಲು ತೆಗೆಯುವಾಗಲೇ ಲಾಂಡ್ರಿಯವನು ನಿಂತಿದ್ದ.

“ಮುಗೀತು ಸಾರ್.”

“ಏನು ಮುಗೀತು?”

“ಪುಸ್ತಕ.”

“ಅಷ್ಟು ದಪ್ಪದ್ದಾ? ರಾತ್ರಿ ನಿದ್ದೆ ಮಾಡ್ಲಿಲ್ವಾ?”

“ಕಟ್ಟಿದೀನಲ್ಲ ಸಾರ್! ವಸೂಲಾಗ್ಬೇಕಲ್ಲ. ಇನ್ನೊಂದು ಕೊಡಿ. ಇನ್ನೂ ದಪ್ಪದ್ದು.”

ಅಳಿಯಂದಿರ ಲೆಕ್ಕಾಚಾರದಲ್ಲಿ ಒಂದೇ ಒಂದು ವಿಷಯ ಬಿಟ್ಟುಹೋಗಿತ್ತು. ಕಂಪನಿಗೆ ಮುಖವಿಲ್ಲ, ಹಾಗಾಗಿ ಜನ ಅದಕ್ಕೆ ಕಟ್ಟಿದ್ದನ್ನು ಮರೆಯುತ್ತಾರೆ. ಮುನ್ನುಡಿಯವರಿಗೆ ಮುಖವಿತ್ತು. ಹಾಲಿಗೆ ಹೋಗುವಾಗ ಕಾಣುತ್ತಿತ್ತು, ಬಸ್ಸಿಗೆ ಹೋಗುವಾಗ ಕಾಣುತ್ತಿತ್ತು, ಕಂಡಾಗಲೆಲ್ಲ ‘ಅಯ್ಯೋ, ಇವರಿಗೆ ಕಟ್ಟಿದೀನಲ್ಲ’ ಎಂದು ನೆನಪಾಗುತ್ತಿತ್ತು. ಆ ಮುಖ ನೋಡಿ ಜನ ಓದಿದರು. ಗಿರಾಕಿ ಇಲ್ಲದಾಗ ಓದಿದರು, ಗಿರಾಕಿ ಇದ್ದಾಗಲೂ ಓದಿದರು. ಲಾಂಡ್ರಿಗೆ ಇಸ್ತ್ರಿಗೆ ಕೊಟ್ಟ ಹತ್ತು ಜನರ ಅಂಗಿ ಸುಟ್ಟುಹೋಯಿತು.

ನನ್ನ ಅಂಗಡಿಗೆ ಒಳ್ಳೆಯ ಕಾಲ ಬಂತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಅಕ್ಷರ ಮಂಜಾಗಿದೆ ಎಂದು ಗೊತ್ತೇ ಆಗದಿದ್ದವರಿಗೆಲ್ಲ ಈಗ ಗೊತ್ತಾಗತೊಡಗಿತು.

ಆಮೇಲೆ ನೆಂಟರು ಬರತೊಡಗಿದರು. ಎಲ್ಲೆಲ್ಲಿಂದಲೋ ಬಂದವರು ಬಾಗಿಲಲ್ಲಿ ನಿಂತು, “ಲಾಂಡ್ರಿ ಅಕೌಂಟು” ಎನ್ನುತ್ತಿದ್ದರು. ಲಾಂಡ್ರಿಯವನ ಅತ್ತೆ, ಅವನ ನಾದಿನಿ, ನಾದಿನಿಯ ಆಫೀಸಿನವರು. ಸೇರುವಾಗ ಅವನಿಗೆ ಕೊಟ್ಟ ಒಂದೇ ಕಾರ್ಡು, ಎಲ್ಲರ ಕೈಯಲ್ಲೂ ಸುತ್ತುತ್ತಿತ್ತು.

“ಇದು ಒಬ್ಬರಿಗೆ ಮಾತ್ರ ಕಣಯ್ಯಾ” ಎಂದು ಮುನ್ನುಡಿಯವರು ಗೋಗರೆದರು.

“ಸಿನಿಮಾ ಕಂಪನೀಲೂ ಹೀಗೇ ಅಲ್ವಾ ಸಾರ್? ನಮ್ಮತ್ತೆ ಬೇರೆ ಪ್ರೊಫೈಲು. ಅವರಿಗೆ ಕೊಲೆ ಇರೋವು ಬೇಕು. ನನ್ನದಕ್ಕೆ ಅವರದನ್ನ ಬೆರೆಸ್ಬೇಡಿ, ಆಮೇಲೆ ನೀವು ನನಗೂ ಕೊಲೇನೇ ಕೊಡ್ತೀರಿ.”

ಎಲ್ಲವನ್ನೂ ಸಹಿಸಿಕೊಂಡ ಮನುಷ್ಯ ಒಂದು ಮಾತಿಗೆ ಮಾತ್ರ ಕುಸಿದರು. ಮೂಲೆಯ ಮೆಡಿಕಲ್ ಸ್ಟೋರಿನಾಕೆ ಸಂಜೆ ಅಂಗಡಿ ಬಿಟ್ಟು ಒಂದೇ ನಿಮಿಷಕ್ಕೆಂದು ಓಡಿಬಂದಿದ್ದರು. ಪುಸ್ತಕವೊಂದನ್ನು ಎತ್ತಿಕೊಂಡರು. ಮುನ್ನುಡಿಯವರು ಅಭ್ಯಾಸದಂತೆ ಎದ್ದು ಗಂಟಲು ಸರಿಮಾಡಿಕೊಂಡು, “ಈ ಲೇಖಕರ ಬಾಲ್ಯ ಹೇಗಿತ್ತು ಅಂದ್ರೆ...” ಎಂದರು.

“ಸಾರ್, ಇಂಟ್ರೋ ಬೇಡ. ಸ್ಕಿಪ್ ಮಾಡಿ” ಎಂದು ಆಕೆ ನಗುತ್ತಾ ಹೊರಟುಹೋದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮರುದಿನದಿಂದ ಇಡೀ ಬೀದಿ ಬಾಗಿಲಿನಿಂದಲೇ “ಸ್ಕಿಪ್, ಸ್ಕಿಪ್” ಎನ್ನುತ್ತಾ ಒಳಗೆ ಬರತೊಡಗಿತು. ಮುನ್ನುಡಿಯವರು ಕುರ್ಚಿಯಿಂದ ಏಳುವುದನ್ನೇ ಬಿಟ್ಟರು. ಪ್ಲೈವುಡ್ಡಿನ ಆಚೆ ಸದ್ದಿಲ್ಲ. ನನಗೆ ಲೆನ್ಸು ಹಾಕಲು ಅನುಕೂಲವಾಯಿತು, ಆದರೂ ಆಗಾಗ ಗೋಡೆಗೆ ಕಿವಿಯಿಟ್ಟು ನೋಡುತ್ತಿದ್ದೆ.

ಹೊಸ ಪುಸ್ತಕ ತರಿಸುವುದಕ್ಕೆ ಕೈ ಖಾಲಿ, ಇದ್ದ ಪುಸ್ತಕಗಳು ಹಿಂದಕ್ಕೆ ಬರುತ್ತಿಲ್ಲ. ಕೊನೆಗೆ ಅವರು ಹೊಸ ಉಪಾಯ ಹೂಡಿದರು. ಯಾರು ಏನು ಎತ್ತಿಕೊಂಡರೂ ಮುಖ ಸಿಂಡರಿಸಿ, “ಅಯ್ಯೋ, ಅದು ಬೇಡ. ಕೆಟ್ಟ ಪುಸ್ತಕ. ಓದಿದ್ರೆ ತಲೆ ಕೆಡುತ್ತೆ” ಎನ್ನತೊಡಗಿದರು. ಜೀವಮಾನವಿಡೀ ಅವರು ಹೊಗಳಿದ ಒಂದು ಪುಸ್ತಕವನ್ನೂ ಕೊಳ್ಳದಿದ್ದ ಜನ ಅವರು ಬೈದ ಪುಸ್ತಕಗಳನ್ನು ಕಿತ್ತಾಡಿಕೊಂಡು ಹೊತ್ತುಕೊಂಡು ಹೋದರು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ತತ್ವಶಾಸ್ತ್ರದ ಸಂಪುಟಗಳಿಗೂ ಜನ ಸರದಿ ನಿಂತರು.

ಇನ್ನು ಉಳಿದದ್ದು ಸರ್ಕಾರ. ಒಂದು ದಿನ ಪುರಸಭೆಯ ಲೈಸೆನ್ಸ್ ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಕಾಣಿಸಿಕೊಂಡಾಗ ಮುನ್ನುಡಿಯವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಇನ್ಸ್‌ಪೆಕ್ಟರನ್ನು ಕಂಡು ಅರಳಿದ ಮುಖ ಆ ಬೀದಿಯಲ್ಲಿ ಅದೊಂದೇ.

“ಬನ್ನಿ ಸಾರ್, ಬನ್ನಿ. ನನ್ನ ಲೈಸೆನ್ಸು ಇರೋದು ಮಾರಾಟಕ್ಕೆ. ನಾನೀಗ ಮಾರ್ತಾ ಇಲ್ಲ. ಬಾಡಿಗೆಗೂ ಕೊಡ್ತಾ ಇಲ್ಲ. ಏನ್ ಮಾಡ್ತಾ ಇದೀನಿ ಅಂತ ನನಗೇ ಗೊತ್ತಿಲ್ಲ. ಇದು ಕಾನೂನಿಗೆ ವಿರುದ್ಧ ಅಲ್ವಾ?”

“ವಿರುದ್ಧಾನೇ.”

“ಹಾಗಿದ್ರೆ ಈ ಸ್ಕೀಮು ನಿಲ್ಲಿಸಿ ಅಂತ ಒಂದು ಆರ್ಡರ್ ಕೊಟ್ಬಿಡಿ ಸಾರ್. ನಾನು ಪುಸ್ತಕ ಎಲ್ಲ ವಾಪಸ್ ತರಿಸ್ಕೊಂಡು ಮೊದಲಿನ ಥರ ಸುಮ್ನೆ ಕೂತ್ಕೋತೀನಿ.”

ಇನ್ಸ್‌ಪೆಕ್ಟರು ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಎರಡನೇ ಭಾಗ ಬಂದಿದೆಯಾ?” ಎಂದರು.

“ಯಾವುದರದ್ದು?”

“ಲಾಂಡ್ರಿ ಅಕೌಂಟು. ನಾನು ಅವನ ಷಡ್ಡಕ. ಆ ಹೆಂಗಸು ಹಡಗು ಹತ್ತೋವರೆಗೂ ಬಂದಿದೀನಿ. ನೀವು ನಿಲ್ಲಿಸಿದ್ರೆ ನನ್ನ ಗತಿ ಏನ್ರೀ? ಜನ ಓದ್ತಿರುವಾಗ ಮುಚ್ಚಿಸಿದೆ ಅನ್ನೋ ಪಾಪ ನನಗೆ ಬೇಡ.” ಎರಡನೇ ಭಾಗವನ್ನು ಕಂಕುಳಲ್ಲಿ ಇಟ್ಟುಕೊಂಡು ಸರ್ಕಾರ ಹೊರಟುಹೋಯಿತು.

ಸಂಜೆ ಒಡತಿ ಬಂದು, “ಈಗ ನೋಡಿ, ಅಂಗಡಿ ಅಂದ್ರೆ ಇದು! ಇಷ್ಟು ಜನ ಬರೋ ಜಾಗಕ್ಕೆ ಇಷ್ಟೇ ಬಾಡಿಗೆ ಅಂದ್ರೆ ಕೇಳಿದೋರು ನಗ್ತಾರೆ” ಎಂದು ಸಂತೋಷದಿಂದ ಬಾಡಿಗೆ ಏರಿಸಿದರು. ಹೋಗುವಾಗ ಎರಡು ಪುಸ್ತಕ ತೆಗೆದುಕೊಂಡರು.

ಕೊನೆಗೆ ಮುನ್ನುಡಿಯವರು ಅಳಿಯಂದಿರಿಗೆ ಫೋನು ಮಾಡಿದರು. ದೊಡ್ಡ ಕಂಪನಿಗಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತವೆ ಎಂದು ಕೇಳಿದರು. ಬೆಲೆ ಏರಿಸುತ್ತವೆ, ಒಬ್ಬರದ್ದನ್ನು ಇನ್ನೊಬ್ಬರು ಬಳಸದ ಹಾಗೆ ಕಟ್ಟುಮಾಡುತ್ತವೆ ಎಂದರು ಅಳಿಯಂದಿರು. ಸರಿ, ಬಾಗಿಲಿಗೆ ಚೀಟಿ ಅಂಟಿತು: ‘ಒಂದು ಕಾರ್ಡು, ಒಬ್ಬರೇ ಓದುಗರು. ಮುಂದಿನ ತಿಂಗಳಿಂದ ದರ ಹೆಚ್ಚು.’

ಬೀದಿಗೆ ಬೀದಿಯೇ ನನ್ನ ಅಂಗಡಿಯಲ್ಲಿ ಸೇರಿತು. ನಾನು ಜಗಳವನ್ನು ನಿರೀಕ್ಷಿಸಿದ್ದೆ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

“ಪಾಪ, ಅವರ ಮೇಲೆ ಸಿಟ್ಟು ಮಾಡ್ಬೇಡಿ” ಎಂದರು ಮೆಡಿಕಲ್ ಸ್ಟೋರಿನಾಕೆ. “ದಿನಾ ಅಷ್ಟು ಜನಕ್ಕೆ ಪುಸ್ತಕ ತೆಗೆದುಕೊಡ್ಬೇಕು, ತಗೋಬೇಕು. ವಯಸ್ಸಾಯ್ತು, ಸುಸ್ತಾಗಿದಾರೆ. ಹೇಗಿದ್ರೂ ಪುಸ್ತಕ ಎಲ್ಲ ನಮ್ಮ ಮನೆಗಳಲ್ಲೇ ಇವೆ. ನಾನು ಓದಿದ್ದನ್ನ ಲಾಂಡ್ರಿಗೆ ಕೊಡ್ತೀನಿ, ಲಾಂಡ್ರಿಯವರು ಮೇಲಿನ ಮನೆಗೆ ಕೊಡ್ಲಿ. ನಮ್ಮ ಕೌಂಟರಿನಲ್ಲಿ ಜಾಗ ಇದೆ, ಅಲ್ಲೇ ಇಟ್ಟುಹೋಗಿ. ಅವರಿಗೆ ಯಾಕೆ ತೊಂದರೆ?”

ಎಲ್ಲರಿಗೂ ಕಣ್ಣು ಒದ್ದೆಯಾಗುವಷ್ಟು ಕನಿಕರ ಬಂತು. ಮರುದಿನ ಒಬ್ಬೊಬ್ಬರಾಗಿ ಹೋಗಿ ಕಾರ್ಡು ಹಿಂದಿರುಗಿಸಿದರು. “ತುಂಬಾ ಉಪಕಾರ ಆಯ್ತು ಸಾರ್,” “ಇನ್ನಾದ್ರೂ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಸಾರ್” ಎಂದು ಕೈ ಹಿಡಿದು ಹೇಳಿದರು. ಲಾಂಡ್ರಿಯವನು ಅವರ ಒಂದು ಅಂಗಿಯನ್ನು ಬಿಟ್ಟಿಯಾಗಿ ಇಸ್ತ್ರಿ ಮಾಡಿ ತಂದುಕೊಟ್ಟ. ಎಲ್ಲರೂ ಎಲ್ಲವನ್ನೂ ಕೊಟ್ಟರು, ಪುಸ್ತಕ ಒಂದನ್ನು ಬಿಟ್ಟು.

“ಹೋಗಿ, ವಾಪಸ್ ಕೇಳ್ರೀ. ನಿಮ್ಮ ಸ್ವಂತದ್ದಲ್ವಾ?” ಎಂದು ನಾನೇ ಅವರನ್ನು ಹೊರಡಿಸಿದೆ. ಜೊತೆಗೆ ಹೋದೆ ಕೂಡ. ದೊಡ್ಡ ಚೀಲ ಹಿಡಿದಿದ್ದೆವು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅವನ ಅತ್ತೆ ಒಗೆದ ಬಟ್ಟೆಯ ರಾಶಿಗೆ ಒರಗಿಕೊಂಡು ಓದುತ್ತಿದ್ದರು. ನಾನು ಮಾರಿದ ಕನ್ನಡಕವೇ ಮೂಗಿನ ಮೇಲಿತ್ತು. ನಾವು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಮುನ್ನುಡಿಯವರು ಚೀಲವನ್ನು ಬೆನ್ನ ಹಿಂದೆ ಮರೆಮಾಡಿದರು.

“ಕೇಳಿ” ಎಂದು ನಾನು ತಿವಿದೆ.

“ಇನ್ನು ಸ್ವಲ್ಪವೇ ಪುಟ ಉಳಿದಿದೆ ಕಣ್ರೀ. ಈಗ ಹೇಗೆ ಕೇಳೋದು?”

ನಿಂತೆವು. ಆಕೆ ಕೊನೆಯ ಪುಟ ಓದಿ, ಪುಸ್ತಕ ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಮುನ್ನುಡಿಯವರು ಕೈ ಚಾಚಿದರು. ಆಕೆ ಆ ಕೈಯನ್ನು ಗಮನಿಸದೆ ಕಿಟಕಿಯಲ್ಲಿ ಬಗ್ಗಿ, “ತಗೊಳ್ಳೇ, ಮುಗೀತು!” ಎಂದು ಪಕ್ಕದ ಮನೆಗೆ ದಾಟಿಸಿಬಿಟ್ಟರು. ಅಲ್ಲಿ ಯಾರೋ ಮೊದಲ ಪುಟ ತೆರೆದ ಸದ್ದು ಕೇಳಿಸಿತು.

ಎಲ್ಲ ಮನೆಯಲ್ಲೂ ಇದೇ ಆಯಿತು. ಓದುತ್ತಿರುವವರ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು ಆ ಮನುಷ್ಯನಿಂದ ಆಗಲೇ ಇಲ್ಲ. ಖಾಲಿ ಚೀಲ ಮಡಿಸಿಕೊಂಡು ಹಿಂದಿರುಗುವಾಗ, “ಒಬ್ಬೊಬ್ಬರೂ ಎಷ್ಟು ಚೆನ್ನಾಗಿ ಓದ್ತಿದಾರೆ ನೋಡಿದ್ರಾ?” ಎಂದರು. ಅವರ ದನಿಯಲ್ಲಿ ಸಂತೋಷವೂ ಇತ್ತು. ಅದನ್ನು ಕೇಳಿ ನನಗೆ ಅಳು ಬಂತು. ಬಿಳಿ ಕೋಟು ಹಾಕಿದ್ದರಿಂದ ಅಳಲಿಲ್ಲ.

ವರ್ಷದ ಕೊನೆಗೆ ಒಡತಿ ಕೆಳಗಿಳಿದು ಬಂದು ಖಾಲಿ ಕಪಾಟುಗಳನ್ನು ನೋಡಿದರು. “ಈಗ ಬೆಕ್ಕೂ ಬರ್ತಾ ಇಲ್ಲವಲ್ರೀ” ಎಂದರು. ಕಪಾಟುಗಳನ್ನು ಯಾರೋ ಚಪ್ಪಲಿ ಇಡುವುದಕ್ಕೆಂದು ಕೊಂಡೊಯ್ದರು. ಈಗ ಪ್ಲೈವುಡ್ಡಿನ ಆಚೆ ಫೋನಿನ ಕವರುಗಳು ನೇತಾಡುತ್ತವೆ.

ಅದಾದ ಕೆಲವು ವಾರಗಳ ಮೇಲೆ ಮುನ್ನುಡಿಯವರು ಬೀದಿಗೆ ಬಂದರು. ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಓದೋಣವೆಂದರೆ ಮನೆಯಲ್ಲಿ ಒಂದೂ ಪುಸ್ತಕವಿಲ್ಲ, ಇದ್ದದ್ದೆಲ್ಲ ಅಂಗಡಿಯಲ್ಲೇ ಇತ್ತು ಎಂದರು. ಇಬ್ಬರೂ ಮೆಡಿಕಲ್ ಸ್ಟೋರಿಗೆ ಹೋದೆವು. ಮಾತ್ರೆಗಳ ಪಕ್ಕದಲ್ಲಿ ಪುಸ್ತಕಗಳು ಓರಣವಾಗಿ ನಿಂತಿದ್ದವು. ಮುನ್ನುಡಿಯವರು ಒಂದರ ಬೆನ್ನನ್ನು ಬೆರಳಿನಿಂದ ಸವರಿ ಹೊರಗೆಳೆದರು.

“ಸಾರ್, ಮೆಂಬರ್‌ಶಿಪ್ಪು?” ಎಂದರು ಆಕೆ ಮೆಲ್ಲಗೆ.

“ಇದು ನನ್ನ ಪುಸ್ತಕ ಕಣಮ್ಮಾ.”

“ಗೊತ್ತು ಸಾರ್. ಎಲ್ಲವೂ ನಿಮ್ಮವೇ. ಆದ್ರೆ ಈಗ ಬೀದಿಯವರೆಲ್ಲ ಸೇರಿ ಒಂದು ನಿಯಮ ಮಾಡ್ಕೊಂಡಿದೀವಿ. ನಿಮಗೊಬ್ಬರಿಗೇ ಬಿಟ್ರೆ ಉಳಿದೋರು ಬೇಜಾರು ಮಾಡ್ಕೋತಾರೆ. ಅದರ ಮೇಲೆ ಇದಕ್ಕೆ ಆಗಲೇ ಮೂರು ಜನ ಕಾಯ್ತಿದಾರೆ.”

ನನಗೆ ಮೈಯೆಲ್ಲ ಉರಿಯಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮುನ್ನುಡಿಯವರು ಪುಸ್ತಕವನ್ನು ಇದ್ದ ಜಾಗದಲ್ಲೇ ಸರಿಯಾಗಿ ಇಟ್ಟು, ಜೇಬಿಗೆ ಕೈಹಾಕಿದರು.

“ಅಯ್ಯೋ, ಈಗಲೇ ಬೇಡ ಸಾರ್” ಎಂದು ಆಕೆ ಅಕ್ಕರೆಯಿಂದ ತಡೆದರು. “ಮೊದಲ ತಿಂಗಳು ಫ್ರೀ. ಓದಿ ನೋಡಿ. ಇಷ್ಟ ಆದ್ರೆ ಮುಂದುವರಿಸಿ.”

“ಬಹಳ ಉಪಕಾರ ಆಯ್ತಮ್ಮಾ” ಎಂದರು ಮುನ್ನುಡಿಯವರು. ಅವರು ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದರು.